ಸೇನೆ ಹೆಚ್ಚಿಸಿದ್ದು ಫಲ ಕೊಟ್ಟಿತಾ? ಇರಾಕ್ 2007ರ ಲೆಕ್ಕ

ಸರ್ಕಾರದ ಯೋಜನೆಗಳು ಫಲ ಕೊಟ್ಟವೋ ಇಲ್ಲವೋ ಎಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಇರಾಕ್ ಕಥೆ.

2007ರ ಜನವರಿ 10ರಂದು ಅಮೆರಿಕದ ಅಧ್ಯಕ್ಷ ಬುಷ್, ಇನ್ನೂ 20,000ಕ್ಕೂ ಜಾಸ್ತಿ ಸೈನಿಕರನ್ನು ಇರಾಕ್‌ಗೆ ಕಳಿಸುವುದಾಗಿ ಹೇಳಿದರು. ಏಪ್ರಿಲ್‌ನಲ್ಲೇ ಸೆನೆಟ್ ನಾಯಕ ಹ್ಯಾರಿ ರೀಡ್ ಯುದ್ಧ ಸೋತಾಗಿದೆ ಎಂದುಬಿಟ್ಟರು. ಆಗಿನ್ನೂ ಎಲ್ಲ ಪಡೆಗಳು ಅಲ್ಲಿಗೆ ತಲುಪಿರಲಿಲ್ಲ. ಮಾತ್ರೆ ನುಂಗುವ ಮೊದಲೇ ಜ್ವರ ಇಳಿದಿಲ್ಲ ಎಂದ ಹಾಗಾಯಿತು.

ಸೆಪ್ಟೆಂಬರ್‌ನಲ್ಲಿ ಇರಾಕ್‌ನಲ್ಲಿ ಅಮೆರಿಕದ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಪೆಟ್ರೇಯಸ್ ಅಮೆರಿಕದ ಸಂಸತ್ತಿಗೆ ಬಂದು ಹಿಂಸೆ ಇಳಿದಿದೆ ಎಂದರು. ಅದೇ ತಿಂಗಳು ಸಂಸತ್ತಿನದೇ ಲೆಕ್ಕಪರಿಶೋಧನಾ ಸಂಸ್ಥೆ, ಇರಾಕ್ ಸರ್ಕಾರಕ್ಕೆ ಇಟ್ಟಿದ್ದ 18 ಗುರಿಗಳಲ್ಲಿ ಪೂರ್ತಿ ಮುಟ್ಟಿದ್ದು 3 ಮಾತ್ರ ಎಂದಿತು. ತೈಲದ ಹಣ ಹಂಚುವ ಕಾನೂನು ಬಂದಿರಲಿಲ್ಲ. ಹಿಂಸೆಯ ಲೆಕ್ಕದ ಮೇಲೂ ಜಗಳವಿತ್ತು. ಬೀದಿಯಲ್ಲಿ ಹೆಣ ಸಿಕ್ಕರೆ ಅದು ಶಿಯಾ–ಸುನ್ನಿ ದ್ವೇಷದ ಕೊಲೆಯೋ, ಬೇರೆ ಕಾರಣದ್ದೋ? ಕೊಂದವನ ಮನಸ್ಸು ಯಾರಿಗೆ ಗೊತ್ತು? ಯಾವ ಸಾವನ್ನು ಯಾವ ಕಾಲಂಗೆ ಹಾಕುತ್ತೀರಿ ಎನ್ನುವುದರ ಮೇಲೆ ಇಡೀ ಗ್ರಾಫ್ ಬದಲಾಗುತ್ತದೆ. ಸತ್ತವರ ವಿಷಯದಲ್ಲಿ ಇದನ್ನು ಸುಮ್ನೆ ಅಂದಾಜಿನಲ್ಲಿ ಬರೆಯಬಾರದು.

ಆದರೂ ಇಳಿಕೆ ನಿಜವೇ. ಮೇ ತಿಂಗಳಲ್ಲಿ 120ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತಿದ್ದರು. ಡಿಸೆಂಬರ್‌ನಲ್ಲಿ 25ಕ್ಕಿಂತ ಕಡಿಮೆ. ಇದು ಸೈನಿಕರ ಸಂಖ್ಯೆಯಿಂದಲೇ ಆಯಿತಾ? ಇರಾಕ್‌ನ ರಮಾದಿ ನಗರದ ಸುನ್ನಿ ಶೇಖರು (ಬುಡಕಟ್ಟಿನ ಮುಖಂಡರು) ಅಲ್ ಖೈದಾ ವಿರುದ್ಧ ಎದ್ದಿದ್ದು 2006ರಲ್ಲೇ. ಶಿಯಾ ನಾಯಕ ಮುಖ್ತದಾ ಅಲ್ ಸದರ್ 2007ರ ಆಗಸ್ಟ್‌ನಲ್ಲಿ ತನ್ನ ಪಡೆಗೆ ಸುಮ್ಮನಿರಲು ಹೇಳಿದರು. ಬಾಗ್ದಾದ್‌ನ ಎಷ್ಟೋ ಬೀದಿಗಳಿಂದ ಬೇರೆ ಪಂಗಡದ ನೆರೆಯವರನ್ನು ಮೊದಲೇ ಓಡಿಸಿಯಾಗಿತ್ತು, ಇನ್ನು ಓಡಿಸಲು ಯಾರೂ ಉಳಿದಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಸೈನಿಕರು ಬೀದಿಗಳಲ್ಲೇ ಠಾಣೆ ಹೂಡಿದ್ದು ಪಕ್ಷ ಬದಲಿಸಿದವರಿಗೆ ಧೈರ್ಯ ಕೊಟ್ಟಿತು. ಆದರೆ ಆ ಜನ ಮೊದಲೇ ಮನಸ್ಸು ಬದಲಿಸಿರದಿದ್ದರೆ ಅಷ್ಟು ಸೈನಿಕರು ಸಾಲುತ್ತಿರಲಿಲ್ಲ.

ಬುಷ್ ಹೇಳಿದ್ದ ಉದ್ದೇಶ ಬೇರೆಯೇ ಇತ್ತಲ್ವಾ? ಗಲಾಟೆ ಇಳಿದರೆ ಇರಾಕಿ ನಾಯಕರು ಕೂತು ರಾಜಿ ಮಾಡಿಕೊಳ್ಳಲಿ ಅಂತ. ಅಮೆರಿಕದ ಸಂಬಳದಲ್ಲಿ ತಮ್ಮ ಊರು ಕಾದವರು ಸುಮಾರು 1 ಲಕ್ಷ ಜನ, ಹೆಚ್ಚಿನವರು ಸುನ್ನಿಗಳು. ಅವರಿಗೆ ಇರಾಕ್ ಸರ್ಕಾರದ ನೌಕರಿಯ ಮಾತು ಕೊಟ್ಟಿದ್ದರು. ಬಹಳಷ್ಟು ಮಂದಿಗೆ ಅದು ಸಿಗಲೇ ಇಲ್ಲ.