ಎರಕದ ಮಣಿಗಳು ಒಂದರಂತೆ ಇನ್ನೊಂದು ಏಕಿರುವುದಿಲ್ಲ?

ಪ್ರಶ್ನೆ: ಘಾನಾ ದೇಶದ ಹಿತ್ತಾಳೆ ಮಣಿಗಳ ಸರವೊಂದನ್ನು ಕೊಂಡಿದ್ದೇನೆ. ಎರಕದ ಮಣಿಗಳಾದರೂ ಒಂದೂ ಇನ್ನೊಂದರಂತಿಲ್ಲ. ಅಚ್ಚಿನಲ್ಲಿ ಹೊಯ್ದಿದ್ದರೆ ಎಲ್ಲವೂ ಒಂದೇ ತೆರನಾಗಿರಬೇಕಲ್ಲವೇ?

ಉತ್ತರ: ಒಂದೇ ಅಚ್ಚನ್ನು ಮತ್ತೆ ಮತ್ತೆ ಬಳಸಿದ್ದರೆ ಹಾಗೆಯೇ ಇರುತ್ತಿತ್ತು. ಕುಮಾಸಿ ನಗರದ ಬಳಿಯ ಕ್ರೋಫೊಫ್ರೋಮ್‌ನಂಥ ಊರುಗಳಲ್ಲಿ ಅಸಾಂಟೆ ಜನಾಂಗದ ಎರಕದವರು ಪ್ರತಿ ಮಣಿಗೂ ಹೊಸದಾಗಿ ಮೇಣದ ಮಾದರಿ ಮಾಡುತ್ತಾರೆ. ಮಣಿ ಹೊರಬರಬೇಕಾದರೆ ಅಚ್ಚನ್ನು ಒಡೆಯದೆ ಬೇರೆ ದಾರಿಯಿಲ್ಲ.

ಜೇನುಮೇಣವನ್ನು ಹಲಗೆಯ ಮೇಲೆ ಹೊಸೆದು ಶಾವಿಗೆಯಂಥ ಎಳೆಗಳನ್ನು ಮಾಡಿ, ಅವನ್ನು ಸುತ್ತಿ, ಸುರುಳಿಯಾಗಿಸಿ ಮಣಿಯ ರೂಪ ಕೊಡುತ್ತಾರೆ. ಅದರ ಮೇಲೆ ಮೊದಲು ನುಣ್ಣಗೆ ಅರೆದ ಇದ್ದಿಲಿನ ಪುಡಿ ಬೆರೆಸಿದ ಜೇಡಿಮಣ್ಣಿನ ತೆಳು ಲೇಪ, ಒಣಗಿದ ಮೇಲೆ ನಾರು ಕಲಸಿದ ದಪ್ಪ ಮಣ್ಣು. ಮೇಣದ ಮೇಲಿನ ಅತಿ ಸಣ್ಣ ಗೆರೆಯೂ ಲೋಹದಲ್ಲಿ ಮೂಡುವುದು ಆ ಮೊದಲ ಲೇಪದಿಂದಲೇ. ಬಿಸಿಗೆ ಮೇಣ ಕರಗಿ ಹೊರಹೋದಾಗ ಒಳಗೆ ಮಣಿಯ ಆಕಾರದ ಟೊಳ್ಳು ಉಳಿಯುತ್ತದೆ.

ಮುಂದಿನ ಹಂತವೇ ನನಗೆ ಎಲ್ಲಕ್ಕಿಂತ ಜಾಣತನದ್ದೆಂದು ತೋರುತ್ತದೆ. ಹಳೆಯ ಹಿತ್ತಾಳೆ ಚೂರುಗಳನ್ನು ತುಂಬಿದ ಮೂಸೆಯನ್ನು (ಲೋಹ ಕರಗಿಸುವ ಪಾತ್ರೆಯನ್ನು) ಅಚ್ಚಿಗೇ ಮಣ್ಣಿನಿಂದ ಬೆಸೆದು, ಎರಡನ್ನೂ ಒಂದೇ ಮುಚ್ಚಿದ ಗಡ್ಡೆಯಾಗಿಸಿ, ಮೂಸೆಯ ಭಾಗ ಕೆಳಗಿರುವಂತೆ ಕುಲುಮೆಯಲ್ಲಿಟ್ಟು, ಲೋಹ ಕರಗಿದ ಮೇಲೆ ತಲೆಕೆಳಗು ಮಾಡುತ್ತಾರೆ. ಲೋಹ ತಾನಾಗಿ ಅಚ್ಚಿನೊಳಗಿಳಿಯುತ್ತದೆ. ಹಿತ್ತಾಳೆಯಲ್ಲಿ ತಾಮ್ರದೊಂದಿಗಿರುವ ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ಲೋಹವಾದ್ದರಿಂದ, ತೆರೆದ ಮೂಸೆಯಲ್ಲಿ ಅದು ಆವಿಯಾಗಿ ಉರಿದುಹೋಗುತ್ತದೆ. ಮುಚ್ಚಿದ ಮೂಸೆಯಲ್ಲಿ ಆ ನಷ್ಟ ಕಡಿಮೆ.

ಚಿನ್ನದ ಪುಡಿಯೇ ಹಣವಾಗಿದ್ದ ಕಾಲದಲ್ಲಿ ಅದನ್ನು ತೂಗಲು ಅಸಾಂಟೆಯವರು ತೂಕದ ಬಟ್ಟುಗಳಾಗಿ ಬಳಸುತ್ತಿದ್ದ ಪುಟ್ಟ ಬೊಂಬೆಗಳೂ ಮೇಣದ ಎರಕದವೇ. ಕೆಲವಕ್ಕೆ ಮೇಣವನ್ನೂ ಬಿಟ್ಟು, ನಿಜವಾದ ಕಡಲೆಕಾಯಿಗೋ ಜೀರುಂಡೆಗೋ ನೇರವಾಗಿ ಮಣ್ಣು ಮೆತ್ತಿ ಸುಟ್ಟು, ಬೂದಿಯಾದ ಜಾಗಕ್ಕೆ ಲೋಹ ಇಳಿಸುತ್ತಿದ್ದರು. ನಮ್ಮ ಛತ್ತೀಸಗಢದ ಬಸ್ತರದಲ್ಲಿ ಢೋಕ್ರಾ ಎಂಬ ಮೇಣದ ಎರಕ ಮಾಡುವ ಕುಶಲಕರ್ಮಿಗಳೂ ಮೇಣದ ಎಳೆಗಳನ್ನೇ ಸುತ್ತುತ್ತಾರಾದರೂ, ಅವರು ಸಾಮಾನ್ಯವಾಗಿ ಒಳಗೆ ಮಣ್ಣಿನ ತಿರುಳಿಟ್ಟುಕೊಳ್ಳುತ್ತಾರೆ.

ನಿಮ್ಮ ಸರದಲ್ಲಿ ಎಳೆಗಳ ಗುರುತು, ಸಂದಿಗಳಲ್ಲಿ ಕಪ್ಪು ಮಣ್ಣಿನ ಕಣಗಳು ಕಂಡರೆ ಅದು ದೋಷವಲ್ಲ, ಅಚ್ಚಿನ ಶೇಷ. ಅನುಮಾನಪಡಬೇಕಾದದ್ದು ಎಲ್ಲ ಮಣಿಗಳಲ್ಲೂ ಒಂದೇ ಜಾಗದಲ್ಲಿ ಒಂದೇ ಬಗೆಯ ತಗ್ಗು ಕಂಡಾಗ: ಅಂಥವನ್ನು ಒಂದೇ ಮೂಲದಿಂದ ನಕಲು ತೆಗೆದಿರುವ ಸಾಧ್ಯತೆಯೇ ಹೆಚ್ಚು.