ಬೆಕ್ಕಿಗೆ ಭಯ ಹುಟ್ಟಿದ ಮೇಲೆ

ಹನ್ನೊಂದು ವರ್ಷ ಬಿಟ್ಟು ಬರುವ ಎರಡನೇ ಭಾಗದ ಮೇಲೆ ಅನಿಮೇಷನ್ ಕೆಲಸದವರಿಗೆ ಹೆಚ್ಚಿನ ಆಸೆ ಇರುವುದಿಲ್ಲ. ಮೊದಲ ಚಿತ್ರ ದುಡ್ಡು ಮಾಡಿರುತ್ತದೆ, ಪಾತ್ರ ಜನರಿಗೆ ಗೊತ್ತಿರುತ್ತದೆ, ಇನ್ನೊಂದು ತೆಗೆದರಾಯಿತು ಅಂತ ತೆಗೆಯುತ್ತಾರೆ. 2022ರ ಡಿಸೆಂಬರಿನಲ್ಲಿ ಹಾಲಿವುಡ್ ಅನಿಮೇಷನ್ ಸ್ಟುಡಿಯೊ ಡ್ರೀಮ್‌ವರ್ಕ್ಸ್‌ನ ‘ಪುಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್’ ಬಂದಾಗ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆಮೇಲೆ ನೋಡಿದರೆ ಊಟದ ಹೊತ್ತಿನಲ್ಲೂ ಅದರದೇ ಮಾತು.

2011ರ ಮೊದಲ ಚಿತ್ರದ ಒಂದು ಪಾಲು ಕೆಲಸ ಬೆಂಗಳೂರಿನಲ್ಲೇ, ಗ್ರಾಫಿಕ್ಸ್ ಕಂಪನಿ ಟೆಕ್ನಿಕಲರ್‌ನ ಡ್ರೀಮ್‌ವರ್ಕ್ಸ್ ಘಟಕದಲ್ಲಿ ನಡೆದಿತ್ತು. ಆಗ ಎಲ್ಲರ ಪೈಪೋಟಿ ಬೆಕ್ಕಿನ ಮೈಕೂದಲು ಎಷ್ಟು ನಿಜದಂತೆ ಕಾಣುತ್ತದೆ ಎಂಬುದರಲ್ಲಿತ್ತು. ನಿರ್ದೇಶಕ ಜೋಯಲ್ ಕ್ರಾಫರ್ಡ್ ಎರಡನೇ ಭಾಗದಲ್ಲಿ ಆ ಪೈಪೋಟಿಯಿಂದಲೇ ಹೊರಗೆ ಬಂದರು. ಮರ, ಬೆಂಕಿ, ಆಕಾಶ ಎಲ್ಲದರಲ್ಲೂ ಕುಂಚ ಎಳೆದ ಗುರುತು, ಹಳೆಯ ಕಥೆಪುಸ್ತಕದ ಚಿತ್ರಗಳ ಹಾಗೆ.

ಬಣ್ಣಕ್ಕಿಂತ ನನ್ನ ಕಣ್ಣು ಹೋದದ್ದು ಟೈಮಿಂಗ್ ಮೇಲೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಪ್ರತಿ ಫ್ರೇಮಿಗೂ ಪಾತ್ರದ ಭಂಗಿ ಬದಲಾದರೆ ‘ಆನ್ ಒನ್ಸ್’ ಅನ್ನುತ್ತೇವೆ. ಒಂದೇ ಭಂಗಿಯನ್ನು ಎರಡು ಫ್ರೇಮ್ ಹಿಡಿದರೆ ‘ಆನ್ ಟೂಸ್’, ಅಂದರೆ ಸೆಕೆಂಡಿಗೆ 12 ಭಂಗಿ. ಕೈಯಲ್ಲಿ ಬಿಡಿಸುತ್ತಿದ್ದ ಕಾಲದಲ್ಲಿ ಇದರಿಂದ ಶ್ರಮವೂ ಖರ್ಚೂ ಉಳಿಯುತ್ತಿತ್ತು. ಕಂಪ್ಯೂಟರಿನಲ್ಲಿ ನಡುವಿನ ಭಂಗಿಗಳನ್ನು ಸಾಫ್ಟ್‌ವೇರೇ ತುಂಬುವುದರಿಂದ ಆ ಲಾಭವಿಲ್ಲ, ಕೆಲಸ ಹೆಚ್ಚೇ ಆಗುತ್ತದೆ. ನುಣುಪಾದ ಚಲನೆಯ ಮರೆ ಇಲ್ಲದಿದ್ದಾಗ ಸಡಿಲವಾದ ಪ್ರತಿ ಭಂಗಿಯೂ ಎದ್ದು ಕಾಣುತ್ತದೆ. 2018ರ ಸ್ಪೈಡರ್-ಮ್ಯಾನ್ ಅನಿಮೇಷನ್, ಸ್ಪೈಡರ್‌ವರ್ಸ್ ಚಿತ್ರ ಈ ದಾರಿ ತೆರೆದದ್ದು ನಿಜ. ಆದರೆ ಇಲ್ಲಿ ಅದನ್ನು ಇಡೀ ಚಿತ್ರಕ್ಕೆ ಬಳಿದಿಲ್ಲ. ಮೊದಲಿಗೆ ದೈತ್ಯನ ಜೊತೆಗಿನ ಕಾಳಗದಲ್ಲಿ ನಾಯಕ ಬೆಕ್ಕು ಪುಸ್ ಒಂದು ಭಂಗಿಯಿಂದ ಇನ್ನೊಂದಕ್ಕೆ ಚಿಮ್ಮುತ್ತಾನೆ. ಪ್ರತಿ ಭಂಗಿಯಲ್ಲೂ ಜಂಬ. ಮಾತುಕತೆಯ ದೃಶ್ಯಗಳಿಗೆ ಬಂದರೆ ಚಲನೆ ಮತ್ತೆ ನುಣುಪು.

ಬೆಕ್ಕಿಗಿರುತ್ತವೆ ಎನ್ನುವ ಒಂಬತ್ತು ಜೀವಗಳಲ್ಲಿ ಎಂಟು ಮುಗಿದಿವೆ ಎಂದು ತಿಳಿದ ಮೇಲೆ ಪಾನಗೃಹದಲ್ಲಿ ಪುಸ್‌ಗೆ ತೋಳ ಎದುರಾಗುತ್ತದೆ. ಮೊದಲು ಸಿಳ್ಳೆ, ಆಮೇಲೆ ಮುಖ. ತೋಳದ ಕುಡುಗೋಲು ತಗುಲಿ ಹಣೆಯಿಂದ ರಕ್ತ ಇಳಿಯುತ್ತದೆ, ಬೆಕ್ಕಿನ ಮೈಕೂದಲು ನಿಮಿರುತ್ತದೆ. ಹಿಂದೆ ಬರೀ ಚೆಂದಕ್ಕಿದ್ದ ಕೂದಲು ಇಲ್ಲಿ ನಟನೆಗೆ ಇಳಿದಿದೆ. ಯಾವ ಕತ್ತಿಯೂ ತನ್ನನ್ನು ಮುಟ್ಟಿಲ್ಲ ಎಂದು ಹಾಡಿಕೊಂಡವನು ಕತ್ತಿ ಅಲ್ಲೇ ಬಿಟ್ಟು ಓಡುತ್ತಾನೆ.

ಮುಂದೆ ಕಾಡಿನಲ್ಲಿ ಅವನಿಗೆ ಉಸಿರು ಕಟ್ಟುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಜೊತೆಗಿರುವ ಪುಟ್ಟ ನಾಯಿ ಪೆರ‍್ರಿಟೊ ಸಮಾಧಾನದ ಭಾಷಣ ಮಾಡುವುದಿಲ್ಲ, ಹೋಗಿ ಅವನ ಹೊಟ್ಟೆಯ ಮೇಲೆ ತಲೆ ಇಡುತ್ತದೆ. ಉಸಿರು ನಿಧಾನವಾಗುತ್ತದೆ. ಉಸಿರಾಟ ಬಿಟ್ಟರೆ ಅಲುಗಾಟವೇ ಇಲ್ಲದ ಶಾಟ್ ಅನಿಮೇಟ್ ಮಾಡುವುದು ಎಷ್ಟು ಕಷ್ಟ ಎನ್ನುವುದು ಮಾಡಿದವರಿಗೇ ಗೊತ್ತು. ಎದೆ ಒಂದಿಷ್ಟು ಹೆಚ್ಚು ಏರಿದರೂ ನಾಟಕ ಅನಿಸುತ್ತದೆ. ಮೊದಲ ಕಾಳಗದ ಆ ಚಿಮ್ಮಾಟ ಇರದಿದ್ದರೆ ಈ ಸ್ತಬ್ಧತೆಗೆ ಬೆಲೆ ಬರುತ್ತಿರಲಿಲ್ಲ.

ಎಲ್ಲವೂ ಚೊಕ್ಕವಾಗಿದೆ ಅಂತಲ್ಲ. ಇಂಗ್ಲಿಷ್ ಮಕ್ಕಳ ಕಥೆಯಿಂದ ಬಂದ ಗೋಲ್ಡಿಲಾಕ್ಸ್ ಮತ್ತು ಮೂರು ಕರಡಿಗಳ ಕಥೆ ನಡುವೆ ಸ್ವಲ್ಪ ಎಳೆಯುತ್ತದೆ. ಖಳನಾಯಕ ಜ್ಯಾಕ್ ಹಾರ್ನರ್ ಮಾತ್ರ ಕೊನೆತನಕ ಕೆಟ್ಟವನಾಗಿಯೇ ಉಳಿಯುತ್ತಾನೆ. ಅವನಿಗೊಂದು ನೊಂದ ಬಾಲ್ಯ ಹಚ್ಚದೆ ಬಿಟ್ಟದ್ದಕ್ಕೆ ಬರಹಗಾರರಿಗೆ ನನ್ನ ಥ್ಯಾಂಕ್ಸ್.

ಅಮೆರಿಕದಲ್ಲಿ ಮೊದಲ ವಾರಾಂತ್ಯದ ಗಳಿಕೆ ಸಾಧಾರಣ. ಬಾಯಿಂದ ಬಾಯಿಗೆ ಹರಡಿ ಕೊನೆಗೆ ಜಗತ್ತಿನಾದ್ಯಂತ 48 ಕೋಟಿ ಡಾಲರ್ ಆಸುಪಾಸಿಗೆ ಹೋಯಿತು. ಅಲ್ಲಿಂದ ನಮ್ಮ ಪಾಡು ಶುರು. ಈಗ ಚಾಕೊಲೇಟ್ ಜಾಹೀರಾತಿನವರೂ ‘ಆ ಬೆಕ್ಕಿನ ಸ್ಟೈಲಿನಲ್ಲಿ ಮಾಡಿಕೊಡಿ ಸರ್’ ಅನ್ನುತ್ತಾರೆ. ಯಾವ ಶಾಟಿಗೆ ಎಂದು ಕೇಳಿದರೆ ‘ಎಲ್ಲಕ್ಕೂ’ ಎಂಬ ಉತ್ತರ. ನಾನು ಶಾಟ್ ಶಾಟ್ ಬಿಡಿಸಿದ ಸ್ಟೋರಿಬೋರ್ಡ್ ತೆಗೆದು, ಯಾವುದಕ್ಕೆ ಬೇಡ ಎಂಬಲ್ಲಿಂದ ಮಾತು ಶುರುಮಾಡುತ್ತೇನೆ.