ಬಿ3 ಆಡುವವರು ನೋಡಲೇಬೇಕಾದ 17 ನಡೆಗಳು

ಬೆಂಗಳೂರಿನ ವಾರಾಂತ್ಯದ ರ‍್ಯಾಪಿಡ್ ಚೆಸ್ ಟೂರ್ನಿಗಳಲ್ಲಿ ಬಿ3 ನಡೆಯಿಂದ (ಬಿ ಸಾಲಿನ ಕಾಲಾಳನ್ನು ಒಂದು ಮನೆ ಮುಂದಿಡುವುದು) ಆಟ ಆರಂಭಿಸುವ ಮಕ್ಕಳು ಈಗ ಅಪರೂಪವಲ್ಲ. ಎದುರಾಳಿ ಕಂಠಪಾಠ ಮಾಡಿಕೊಂಡು ಬಂದ ಸಿಸಿಲಿಯನ್, ಕಾರೋ-ಕಾನ್‌ನಂಥ ಸಿದ್ಧ ಆರಂಭಗಳಿಗೆ ಅವಕಾಶವೇ ಸಿಗದಿರಲಿ ಎಂಬುದು ಅವರ ಲೆಕ್ಕಾಚಾರ, ಅದು ತಪ್ಪೂ ಅಲ್ಲ. ಆದರೆ ಅಂಚಿನಿಂದ ಆರಂಭಿಸುವವರು ನಡುವಿನ ಮನೆಗಳನ್ನು ದೂರದಿಂದಲೇ ಹಿಡಿತದಲ್ಲಿಟ್ಟುಕೊಳ್ಳಬೇಕಾಗುತ್ತದೆ ಎಂಬುದನ್ನು ಮರೆತರೆ ಏನಾಗುತ್ತದೆ ಎಂದು ತೋರಿಸಲು ತರಗತಿಯಲ್ಲಿ ನಾನು ಆರಿಸಿಕೊಳ್ಳುವುದು 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಬೆಂಟ್ ಲಾರ್ಸೆನ್ ಅವರು ಆಗಿನ ವಿಶ್ವ ಚಾಂಪಿಯನ್ ಬೋರಿಸ್ ಸ್ಪಾಸ್ಕಿ ವಿರುದ್ಧ ಆಡಿದ ಆಟವನ್ನು.

ಬಿ3, ಇ5ರ ನಂತರ ಬಿಳಿಯ ಒಂಟೆ ಬಿ2ಕ್ಕೆ ಬಂದಿತು. ಸಿ4 ಕೂಡ ಆಯಿತು. ನಾಲ್ಕನೆಯ ನಡೆಯಲ್ಲಿ ಲಾರ್ಸೆನ್ ಕುದುರೆಯನ್ನು ಎಫ್3ರಲ್ಲಿ ಇಟ್ಟ ಕೂಡಲೇ ಕಪ್ಪು ಕಾಲಾಳು ಇ4ಕ್ಕೆ ನುಗ್ಗಿ ಅದನ್ನು ಓಡಿಸಿತು. ಆ ಕುದುರೆ ಡಿ4ಕ್ಕೆ ಹೋಗಿ, ಸಿ6ರಲ್ಲಿದ್ದ ಕುದುರೆಯನ್ನು ಹೊಡೆದು ತಾನೂ ಬಿದ್ದಾಗ ಬಿಳಿಯ ಮೂರು ನಡೆಗಳು ಒಂದೇ ಕುದುರೆಗೆ ಖರ್ಚಾಗಿದ್ದವು; ಕಪ್ಪು ಕಳೆದುಕೊಂಡದ್ದು ಒಂದೇ ಸಲ ನಡೆಸಿದ ಕುದುರೆಯನ್ನು. ಡಿ ಕಾಲಾಳಿನಿಂದ ಮರಳಿ ಹೊಡೆದ ಸ್ಪಾಸ್ಕಿಗೆ ಒಂಟೆಯ ದಾರಿಯೂ ಡಿ ಸಾಲೂ ಒಟ್ಟಿಗೇ ತೆರೆದುಕೊಂಡವು. ನನ್ನ ದೃಷ್ಟಿಯಲ್ಲಿ, ಎಲ್ಲರೂ ಹೊಗಳುವ ಬಲಿದಾನಕ್ಕಿಂತ ಈ ಹೊಡೆತವೇ ಹೆಚ್ಚು ಕಲಿಸುತ್ತದೆ.

ಆ ಬಲಿದಾನ ಬಂದದ್ದು ಹದಿನಾಲ್ಕನೆಯ ನಡೆಯಲ್ಲಿ. ಅಷ್ಟರಲ್ಲಿ ಒಂದು ಕುದುರೆಯನ್ನು ಬಿಟ್ಟುಕೊಟ್ಟು ಎಚ್ ಸಾಲನ್ನು ತೆರೆದಿದ್ದ ಸ್ಪಾಸ್ಕಿ, ಆನೆಯನ್ನು ನೇರವಾಗಿ ಎಚ್1ಕ್ಕೆ ಇಳಿಸಿದರು. ಬಿಳಿಯ ಆನೆ ಅದನ್ನು ಹೊಡೆಯುತ್ತಿದ್ದಂತೆ ಜಿ3ರ ಕಾಲಾಳು ಜಿ2ಕ್ಕೆ ಬಂದಿತು. ಬಿಳಿಯ ಆನೆ ಎಫ್1ಕ್ಕೆ ಸರಿದ ಕೂಡಲೇ ಕಪ್ಪು ರಾಣಿ ಎಚ್4ರಿಂದ ಶಹ ಕೊಟ್ಟಿತು. ಹದಿನೇಳನೆಯ ನಡೆಯಲ್ಲಿ ಕಾಲಾಳು ಎಫ್1ರ ಆನೆಯನ್ನು ಹೊಡೆದು ರಾಣಿಯಾದಾಗ ಲಾರ್ಸೆನ್ ಸೋಲೊಪ್ಪಿದರು. ಬಿ1ರ ಕುದುರೆ, ಎ1ರ ಆನೆ ಆಗಲೂ ಇದ್ದಲ್ಲೇ ಇದ್ದವು.

ಇದರ ಪಕ್ಕದಲ್ಲೇ 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ರಿಚರ್ಡ್ ರೇಟಿ ಆಗಿನ ವಿಶ್ವ ಚಾಂಪಿಯನ್ ಕಪಾಬ್ಲಾಂಕಾ ಅವರನ್ನು ಸೋಲಿಸಿದ ಆಟವನ್ನು ಇಡಬೇಕು. ರೇಟಿಯೂ ನಡುವನ್ನು ಎದುರಾಳಿಗೆ ಬಿಟ್ಟುಕೊಟ್ಟರು, ಆದರೆ ಏಳನೆಯ ನಡೆಯಲ್ಲೇ ಕ್ಯಾಸಲಿಂಗ್ (ಒಂದೇ ನಡೆಯಲ್ಲಿ ರಾಜನನ್ನೂ ಆನೆಯನ್ನೂ ಸರಿಸಿ ರಾಜನನ್ನು ಸುರಕ್ಷಿತಗೊಳಿಸುವುದು) ಮುಗಿಸಿ, ಕಾಯಿಗಳನ್ನೆಲ್ಲ ಹೊಂದಿಸಿಕೊಂಡು, ಹದಿನಾರನೆಯ ನಡೆಯಲ್ಲಿ ಡಿ4 ಆಡಿ ಅದೇ ನಡುವನ್ನು ಒಡೆದರು. ಲಾರ್ಸೆನ್ ಮಾತ್ರ ಕೊನೆಗೂ ಕ್ಯಾಸಲಿಂಗ್ ಮಾಡಲಿಲ್ಲ. ಬಿ3 ಆಡಲೇಬೇಕೆನ್ನುವ ಮಕ್ಕಳಿಗೆ ನಾಲ್ಕನೆಯ ನಡೆಯಲ್ಲಿ ಕುದುರೆಗಿಂತ ಮೊದಲು ಇ3 ಆಡುವಂತೆ ಹೇಳುತ್ತೇನೆ: ಆಗ ಕಪ್ಪು ಕಾಲಾಳು ಇ4ಕ್ಕೆ ಬಂದರೂ ಅಲ್ಲಿಂದ ಓಡಿಸಲು ಯಾವ ಕಾಯಿಯೂ ಇರುವುದಿಲ್ಲ.